ಒಂದೇ ಗೇಟಿನ ಊರು

ಬೊಮ್ಮನಹಳ್ಳಿ,
೯ ನವೆಂಬರ್ ೨೦೨೫, ಭಾನುವಾರ

ನನ್ನ ಹಟಮಾರಿ ಅವ್ವನಿಗೆ ಮಹಾನಂದಾಳ ನಮಸ್ಕಾರ.

ಫೋನ್ ಇರುವಾಗ ಪತ್ರವೇಕೆ ಎನ್ನಬೇಡ. ಫೋನಿನಲ್ಲಿ ನೀನು ನನ್ನ ಮಾತು ಮುಗಿಸಲು ಬಿಡುವುದಿಲ್ಲ. ಪತ್ರಕ್ಕೆ ಅಡ್ಡಬಾಯಿ ಹಾಕಲು ಬರುವುದಿಲ್ಲವಲ್ಲ. ತಂಗಿ ಸವಿತಾ ನಿಧಾನವಾಗಿ ಓದಿ ಹೇಳಲಿ, ನೀನು ಸುಮ್ಮನೆ ಕೇಳು.

ಊರ ಹತ್ತಿರವೇ ಗಾರ್ಮೆಂಟ್ಸ್ ಬಂತು, ಅಕ್ಕತಂಗಿಯರಿಬ್ಬರೂ ಅಲ್ಲೇ ಸೇರಿರಿ, ಮನಿ ಬಾಗಲಿಗೆ ಬಂದ ಭಾಗ್ಯ ಒದಿಬ್ಯಾಡ್ರಿ ಎಂದು ಒಂದೇ ಸಮನೆ ಹೇಳುತ್ತಿದ್ದೀಯ. ಆ ಭಾಗ್ಯ ಬೇರೆ ಯಾರದೂ ಅಲ್ಲ, ನಮ್ಮ ಕಂಪನಿಯದೇ. ಇಲ್ಲಿ ನಮ್ಮ ಹೊಲಿಗೆ ಲೈನ್ ಮುಚ್ಚಿ ಮಿಷನ್ನುಗಳನ್ನು ಅಲ್ಲಿಗೆ ಸಾಗಿಸುತ್ತಿದ್ದಾರೆ. ಹೋದರೆ ನನಗೆ ಹೊಸ ಹುಡುಗಿಯರಿಗೆ ಕಲಿಸುವ ಕೆಲಸ ಕೊಡುತ್ತಾರಂತೆ.

ನಿಜ ಹೇಳಲೇ? ನನಗೆ ಸಾಕಾಗಿದೆ. ಸೊಂಟ ಮಾತು ಕೇಳುವುದಿಲ್ಲ. ಕನಸಿನಲ್ಲೂ ಅಂಗಿಯ ಕಾಲರ್ ಹೊಲಿಯುತ್ತಿರುತ್ತೇನೆ. ಆದರೂ ಈ ಹಾಳು ಬೀದಿ ಬಿಡಲು ಸಂಕಟವಾಗುತ್ತಿದೆ.

ನಮ್ಮ ಮನೆಯೊಡತಿ ನಾಗಲಕ್ಷ್ಮಮ್ಮ ಸೊಸೆಯಾಗಿ ಬಂದಾಗ ಇದು ರಾಗಿ ಹೊಲವಂತೆ. ಮೊದಲು ಒಂದು ಕಂಪನಿ ಬಂತು. ಹೊಲಿಯುವವರು ಸಿಗುತ್ತಾರೆಂದು ಅದರ ಪಕ್ಕದಲ್ಲೇ ಇನ್ನೊಂದು. ಕಂಪನಿಗಳಿವೆಯೆಂದು ನಾವು ಬಂದೆವು, ನಾವಿದ್ದೇವೆಂದು ಮತ್ತಷ್ಟು ಕಂಪನಿಗಳು ಬಂದವು. ನಮ್ಮ ಬೆನ್ನಿಗೆ ಗುಂಡಿ-ದಾರದ ಅಂಗಡಿ, ಮಿಷನ್ ರಿಪೇರಿಯವರು, ನಮ್ಮ ಕಡೆಯವರ ರೊಟ್ಟಿ ಖಾನಾವಳಿ. ನಾಗಲಕ್ಷ್ಮಮ್ಮ ರೂಮಿನ ಮೇಲೆ ರೂಮು ಕಟ್ಟಿಸಿದರು. ನಿಮ್ ಮಿಷನ್ ನಿಂತೋದ್ರೆ ನಮ್ಮನೇಲೂ ಒಲೆ ಉರಿಯಾಕಿಲ್ಲ ಕಣವ್ವ ಎಂದು ನಗುತ್ತಿದ್ದರು. ಈಚೆಗೆ ಆ ಮಾತಿಗೆ ಅವರೂ ನಗುವುದಿಲ್ಲ.

ನಿನಗೆ ಹೇಳದ ಸಂಗತಿಯೊಂದಿದೆ. ನಾನು ಇಲ್ಲಿಗೆ ಬಂದ ಹೊಸದರಲ್ಲಿ, ಟಾರ್ಗೆಟ್ ಆಗಲಿಲ್ಲವೆಂದು ಸೂಪರ್‌ವೈಸರ್ ಒಬ್ಬ ಹೊಲಿದ ಅಂಗಿಯನ್ನು ನನ್ನ ಮುಖಕ್ಕೆ ಎಸೆದು, ಹೋಗಿ ಎಮ್ಮೆ ಕಾಯ್ಕೋ ಹೋಗು ಅಂದ. ಮಿಷನ್ ಆಫ್ ಮಾಡಿ ಎದ್ದು ಬಂದೆ. ಗೇಟಿನಾಚೆ ಕುಳಿತು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಎದುರು ಕಂಪನಿಯ ಗೋಡೆಯ ಮೇಲೆ, ಟೇಲರ್‌ಗಳು ಬೇಕಾಗಿದ್ದಾರೆ ಎಂಬ ಬೋರ್ಡು. ಮರುದಿನ ಅಲ್ಲಿ ಒಂದು ಕಾಲರ್ ಹೊಲಿದು ತೋರಿಸಿದೆ, ತೆಗೆದುಕೊಂಡರು. ಅಂದಿನಿಂದ ನನ್ನ ಹೆದರಿಕೆ ಹೋಯಿತು. ಇವಳು ರಸ್ತೆ ದಾಟಿದರೆ ಬೇರೆ ಕೆಲಸ ಸಿಗುತ್ತದೆ ಎಂಬುದು ಇಲ್ಲಿ ಬೈಯುವವರಿಗೂ ಗೊತ್ತು.

ಊರಲ್ಲಿ ಒಂದೇ ಗೇಟು, ಅವ್ವ. ಸುತ್ತ ಜೋಳದ ಹೊಲ. ಅಲ್ಲಿ ಎದ್ದು ಬಂದವಳು ಎಲ್ಲಿಗೆ ಹೋಗಬೇಕು? ನಮ್ಮ ಮ್ಯಾನೇಜರೇ ಟೀ ಕುಡಿಯುತ್ತ ಅಂದರು, ಅಲ್ಲಿ ಹುಡ್ಗೀರು ಬಿಟ್ಟು ಹೋಗಲ್ಲ, ಅದಕ್ಕೇ ಶಿಫ್ಟ್ ಮಾಡ್ತಿರೋದು ಅಂತ.

ಇಷ್ಟೆಲ್ಲ ಹೇಳಿಯೂ ಆ ಕಲಿಸುವ ಕೆಲಸ ಒಪ್ಪಿ ನಾನು ಬರುತ್ತಿದ್ದೇನೆ. ನಿನ್ನ ಕಣ್ಣು ಮಂಜಾಗಿದೆ, ಒಲೆಯಲ್ಲಿ ಕೈ ಸುಟ್ಟುಕೊಂಡೆಯಂತೆ. ಹೇಳಿದ್ದಕ್ಕೆ ಸವಿತಾಳನ್ನು ಬೈಯಬೇಡ. ನಿನ್ನನ್ನು ಹಾಗೆ ಬಿಟ್ಟು ಇಲ್ಲಿರಲು ನನ್ನಿಂದಾಗದು. ಬರುವ ಭಾನುವಾರ ಬಸ್ ಹತ್ತುತ್ತೇನೆ. ಪುಂಡಿಪಲ್ಲೆ ಮಾಡಿಡು ಎನ್ನುವ ಆಸೆ. ಬೇಡ, ನಾನೇ ಬಂದು ಮಾಡುತ್ತೇನೆ, ನೀನು ಒಲೆಯಿಂದ ದೂರವಿರು.

ದಣಿದ ನಿನ್ನ ಮಗಳು,
ಮಹಾನಂದಾ

ತಾ.ಕ.: ಸವಿತಾ, ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ. ಆ ಕಂಪನಿಗೆ ನೀನು ಸೇರಬೇಡ. ನಾನು ರೂಮು ಬಿಟ್ಟಿಲ್ಲ, ಕೀಲಿ ನಾಗಲಕ್ಷ್ಮಮ್ಮನ ಹತ್ತಿರ ಕೊಟ್ಟಿರುತ್ತೇನೆ. ನಾನು ಬಂದ ಮೇಲೆ ನೀನು ಇಲ್ಲಿಗೆ ಹೊರಡು. ಅವ್ವ ಅಳುತ್ತಾಳೆ, ನನ್ನನ್ನು ಶಪಿಸುತ್ತಾಳೆ, ಅದು ನನಗಿರಲಿ. ಇಷ್ಟು ಹೊತ್ತು ಏನು ಓದುತ್ತಿದ್ದೀ ಎಂದು ಕೇಳಿದರೆ, ಅಕ್ಕ ನಿನಗೆ ಸೀರೆ ತರುತ್ತಾಳಂತೆ ಎನ್ನು. ಸುಳ್ಳಾಗದ ಹಾಗೆ ತರುತ್ತೇನೆ.