ತಪ್ಪಿದ ಮೇಲಿನ ಊಟ

ಜನವರಿ 12, ಸಂಜೆ

...ತನ್ನ ಮೇಲೆ ತನಗೆ ದಯೆ ಅಂದರೋ, ಕನಿಕರ ಅಂದರೋ. ಆಸ್ಪತ್ರೆಯ ಡಯಟಿಷಿಯನ್ ಹೇಳಿದ್ದು ದಾರಿಯಲ್ಲೇ ಅರ್ಧ ಉದುರಿಹೋಯಿತು. ಉಳಿದದ್ದು ಇಷ್ಟು: ನಿಮ್ಮ ತಂಗಿಯ ಜೊತೆ ಮಾತಾಡುವ ಹಾಗೆ ನಿಮ್ಮ ಜೊತೆ ಮಾತಾಡಿ. ತಂಗಿಗೆ ನಾನು ಬೈಯುವುದೇ ಹೆಚ್ಚು ಅಂದೆ. ಆಕೆ ನಗಲಿಲ್ಲ.

ತಂಗಿಯ ಎರಡೂ ಕಿಡ್ನಿ ಕೈಕೊಟ್ಟಿವೆ. ಹೊಂದುವುದು ನನ್ನದೊಂದೇ. ಡಾಕ್ಟರು ಬೇಡ ಅನ್ನಲಿಲ್ಲ. ಈ ತೂಕಕ್ಕೆ ಕತ್ತರಿ ಹಾಕುವುದಿಲ್ಲ ಅಂದರು. ಇಳಿಸಿಕೊಂಡು ಮಾರ್ಚ್‌ನಲ್ಲಿ ಬರಬೇಕು. ಆಮೇಲೆ ಆಪರೇಷನ್.

ಬೆಳಿಗ್ಗೆ ಅಂಗಿ ಹಾಕುವಾಗ ಕನ್ನಡಿಗೆ ನನ್ನ ಮೊದಲ ಮಾತು — ಹೊಟ್ಟೆಬಾಕ. ಇದನ್ನು ಡಯಟಿಷಿಯನ್‌ಗೆ ಹೇಳಲಿಲ್ಲ.

ಜನವರಿ 15

ನನ್ನ ಟೈಲರ್ ಅಂಗಡಿ. ಸೂಟಿಗೆ ಅಳತೆ. ಗಿರಾಕಿ ನನ್ನಂತೆಯೇ ದಪ್ಪ. ಸೊಂಟದ ಅಳತೆಯನ್ನು ಬಾಯಿಬಿಟ್ಟು ಹೇಳದೆ ಬೆರಳಲ್ಲಿ ತೋರಿಸಿದೆ. ಗುಂಡಿಗೆ ಕಾಜಾ ಹೊಲಿಯುವ ಅಕ್ಕ ಬರೆದುಕೊಂಡಳು. ನಮ್ಮಲ್ಲಿ ಮೊದಲಿನಿಂದ ಹೀಗೇ. ಆತ ಹೊಟ್ಟೆ ಒಳಗೆಳೆದು ನಿಂತಿದ್ದ. ಉಸಿರು ಬಿಡಿ ಸಾರ್, ಬಟ್ಟೆ ನಿಮಗೆ ಹೊಂದಬೇಕು, ನೀವು ಬಟ್ಟೆಗಲ್ಲ ಅಂದೆ.

ಆತ ಹೋದ ಮೇಲೆ ಅಕ್ಕ ದಾರ ಕಚ್ಚಿ ತುಂಡರಿಸುತ್ತಾ, "ಈ ಬೆಣ್ಣೆ ಮಾತೆಲ್ಲ ಗಿರಾಕಿಗಳಿಗೆ ಮಾತ್ರಾನಾ ಮಾಸ್ತರೇ? ಊಟದ ಡಬ್ಬಿ ಮುಂದೆ ನಿಮ್ಮನ್ನ ನೀವು ಬೈಕೊಳ್ಳೋದು ಮಿಷಿನ್ ಸದ್ದಲ್ಲೂ ಕೇಳುತ್ತೆ" ಅಂದಳು.

ಕಿವಿಗೆ ಹಾಕಿಕೊಳ್ಳದವನ ಹಾಗೆ ಇಸ್ತ್ರಿ ಪೆಟ್ಟಿಗೆ ಎತ್ತಿಕೊಂಡೆ.

ಜನವರಿ 20

ಕೇಕ್. ಸೂಟ್ ಒಯ್ಯಲು ಬಂದವರು ಖುಷಿಗೆ ತಂದಿಟ್ಟದ್ದು. ಟ್ರಯಲ್ ಪರದೆಯ ಹಿಂದೆ, ನಿಂತುಕೊಂಡೇ... ಒಂದು ತುಂಡಿಗೆ ನಿಲ್ಲಬಹುದಿತ್ತು. ಹೇಗೂ ಕೆಟ್ಟೆನಲ್ಲ — ಆ 'ಹೇಗೂ ಕೆಟ್ಟೆ'ಯೇ ಉಳಿದದ್ದನ್ನೆಲ್ಲ ತಿನ್ನಿಸಿತು. ಅಲ್ಲಿ ತಂಗಿಯ ರಕ್ತ ಡಯಾಲಿಸಿಸ್ ಯಂತ್ರದೊಳಗೆ ಸುತ್ತುತ್ತಿದೆ. ಇಲ್ಲಿ ಅಣ್ಣ ಬೆರಳು ನೆಕ್ಕುತ್ತಿದ್ದಾನೆ.

ಇವತ್ತು ಊಟವಿಲ್ಲ. ನಾಳೆಯೂ ಇಲ್ಲ. ಇಂಥವನಿಗೆ ಇದೇ ಮದ್ದು.

ಫೆಬ್ರವರಿ 2

ಉಪವಾಸ. ಆಮೇಲೆ ಬಿಸ್ಕತ್ತು, ಪೊಟ್ಟಣಗಟ್ಟಲೆ. ಮತ್ತೆ ಉಪವಾಸ.

ಮಾರ್ಚ್ 4

ನಾಳೆ ಟೆಸ್ಟ್. ಈ ಸಲ ಬಾಯಿ ಕಟ್ಟಿದ್ದೇನೆ, ಪೂರ್ತಿ. ನಿನ್ನೆಯಿಂದ ನೀರೂ ಬಿಟ್ಟೆ. ನೀರಿಗೂ ತೂಕವಿದೆ. ತಂಗಿಗೆ ದಿನಕ್ಕೆ ಅಳೆದಷ್ಟೇ ನೀರು. ನಾಲಿಗೆ ಒಣಗಿದರೆ ಐಸ್ ಚೂರು. ನಾನೂ ಒಣಗಲಿ. ಅದು ನ್ಯಾಯ ಅನ್ನಿಸಿತು.

ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ನೋಡಿದೆ, ಹೋಗಲಿಲ್ಲ. ಅಕ್ಕ ಸೂಜಿ ಕಿತ್ತುಕೊಂಡು ಪೋಣಿಸಿ ಕೊಟ್ಟಳು.

ಮಾರ್ಚ್ 5

ತೂಕ ಸರಿ. ಡಾಕ್ಟರು ಬೆನ್ನು ತಟ್ಟಿದರು. ಮಧ್ಯಾಹ್ನ ರಕ್ತದ ರಿಪೋರ್ಟ್ ಬಂತು. ಕ್ರಿಯಾಟಿನಿನ್ ಏರಿದೆ. ಅದು ಏರಿದರೆ ಕಿಡ್ನಿಯ ಕೆಲಸ ಕುಂಟುತ್ತಿದೆ ಎಂದಂತೆ. ಕೊಡಬೇಕೆಂದು ಬಂದವನ ಕಿಡ್ನಿಯ ಮೇಲೇ ಈಗ ಅನುಮಾನ.

ಡಯಟಿಷಿಯನ್ ಕೇಳಿದರು: ನಿನ್ನೆ ಏನು ತಿಂದಿರಿ? ಸುಳ್ಳಿಗೆ ಬಾಯಿ ತೆರೆದೆ. ನಾಲಿಗೆ ಅಂಗುಳಿಗೆ ಅಂಟಿತ್ತು. ಆಕೆ ಒಂದು ಲೋಟ ನೀರು ಮುಂದಿಟ್ಟು ಕಾದರು. ಎಲ್ಲ ಹೇಳಿದೆ. ನೀರಿಲ್ಲದ್ದಕ್ಕೆ ಏರಿರಬಹುದು, ನಿಜವಾಗಿ ಕೆಟ್ಟಿರಲೂಬಹುದು. ಹದವಾಗಿ ಉಂಡು, ನೀರು ಕುಡಿದು, ಮುಂದಿನ ತಿಂಗಳು ಬನ್ನಿ ಅಂದರು. ಆಪರೇಷನ್ ಮುಂದಕ್ಕೆ.

ಆಕೆ ಬೈದಿದ್ದರೆ ಹಗುರಾಗುತ್ತಿದ್ದೆ.

ಮಾರ್ಚ್ 6

ತಂಗಿಗೆ ನಾನೇ ಹೇಳಿದೆ. ಡಯಾಲಿಸಿಸ್ ಹಾಸಿಗೆಯ ಪಕ್ಕ, ಸ್ಟೂಲಿನ ಮೇಲೆ ಕೂತು. ನಿನಗೋಸ್ಕರ ಹೊಟ್ಟೆ ಕಟ್ಟಿದೆ, ಹೀಗಾಗಿಹೋಯಿತು ಅಂದೆ. ಅವಳು ಚಾವಣಿ ನೋಡುತ್ತಿದ್ದಳು.

"ನನಗೋಸ್ಕರ ಅನ್ನಬೇಡ ಅಣ್ಣ. ನಿನಗೆ ನಿನ್ನ ಮೇಲೆ ಸಿಟ್ಟು. ಅದನ್ನ ನನ್ನ ಹಾಸಿಗೆ ಹತ್ರ ತರಬೇಡ."

"ಇನ್ನು ಮೇಲೆ ತಿಂತೀನಿ, ಬಿಡು."

"ತಿಂತೀಯ. ಒಂದು ದಿನ ಜಾಸ್ತಿ ತಿಂತೀಯ, ನಾಲ್ಕು ದಿನ ಉಪವಾಸ ಸಾಯ್ತೀಯ. ಒಂದು ಕಿಡ್ನಿ ನನಗೆ ಕೊಟ್ಟ ಮೇಲೆ ಉಳಿದ ಒಂದನ್ನೂ ಹೀಗೇ ಒಣಗಿಸ್ತೀಯ. ಆಮೇಲೆ ನಾನು ಬದುಕಿ ಯಾರ ಮುಖ ನೋಡ್ಲಿ? ನಿನ್ನದು ಬೇಡ ನನಗೆ."

ಗೋಡೆಯ ಕಡೆ ತಿರುಗಿದಳು. ಕೈಗೆ ಕೊಳವೆ ಇರುವುದರಿಂದ ಪೂರ್ತಿ ತಿರುಗಲಾಗಲಿಲ್ಲ.

ಮಾರ್ಚ್ 19

ತಂಗಿ ಫೋನ್ ಎತ್ತುತ್ತಿಲ್ಲ. ತೀರಿಕೊಂಡವರ ಕಿಡ್ನಿಗಾಗಿ ಕಾಯುವವರ ಸಾಲಿಗೆ ಹೆಸರು ಕೊಟ್ಟಿದ್ದಾಳಂತೆ. ಆ ಸಾಲಿನಲ್ಲಿ ವರ್ಷಗಟ್ಟಲೆ ನಿಂತವರಿದ್ದಾರೆ. ಅವಳಿಗೆ ವರ್ಷಗಳಿಲ್ಲ, ಡಾಕ್ಟರು ಇಷ್ಟು ನೇರವಾಗಿ ಹೇಳಲಿಲ್ಲ, ಅಷ್ಟೇ.

ನಿನ್ನೆ ಬೇಕರಿಯ ಮುಂದೆ ಕಾಲು ತಾನಾಗಿ ನಿಂತಿತು. ಬನ್ನು. ಇನ್ನೊಂದು ಬನ್ನು. ಮನೆಗೆ ಬಂದು ಒಲೆ ಹಚ್ಚದೆ ಕೂತೆ, ಶಿಕ್ಷೆ ಕಾಯುವವನ ಹಾಗೆ. ಆಮೇಲೆ ಎದ್ದು ಬೇಳೆ ಬೇಯಿಸಿದೆ. ಸ್ವಲ್ಪ ಅನ್ನ, ಸೌತೆಕಾಯಿ. ತಟ್ಟೆ ಹಾಕಿಕೊಂಡು ಕೂತೇ ತಿಂದೆ.

ಹಸಿವು ತಡೆಯುವುದು ಸುಲಭ. ತಪ್ಪಿದ ಮೇಲಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ. ನಾಚಿಕೆಯಿಲ್ಲದವನೇ, ಇನ್ನೂ ತಿನ್ನುತ್ತೀಯಾ — ಪ್ರತಿ ತುತ್ತಿಗೂ. ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿ ನೋಡಿದೆ: ಉಸಿರು ಬಿಡಿ ಸಾರ್. ನಾಟಕ ಅನ್ನಿಸಿತು. ಆದರೂ ಉಸಿರು ಬಿಟ್ಟೆ. ಇನ್ನೊಂದು ತುತ್ತು ಇಳಿಯಿತು.

ಏಪ್ರಿಲ್ 8

ಡಬ್ಬಿ ಹತ್ತಿರ ಈಗೀಗ ಜಗಳ ಕಮ್ಮಿ ಅಂತ ಕಾಜಾ ಅಕ್ಕನ ತೀರ್ಪು. ತನ್ನ ಮೊಟ್ಟೆಯಲ್ಲಿ ಅರ್ಧ ಕೊಟ್ಟಳು, ತೆಗೆದುಕೊಂಡೆ. ತೂಕ ಒಂದಿಷ್ಟು ಏರಿದೆ. ನೋಡಿ ಗಾಬರಿಯಾಯಿತು. ಸಂಜೆ ಊಟ ಬಿಡಬೇಕೆಂದು ಮೈಯೆಲ್ಲ ಹೇಳಿತು. ಬಿಡಲಿಲ್ಲ. ಧೈರ್ಯವೋ, ಹಳೇ ಚಪಲವೋ... ಗೊತ್ತಾಗುವುದಿಲ್ಲ.

ಏಪ್ರಿಲ್ 17, ಸಂಜೆ

ಕಿಡ್ನಿ ಚೆನ್ನಾಗಿದೆ. ನೀರಿಲ್ಲದ್ದಕ್ಕೇ ಏರಿತ್ತಂತೆ. ತೂಕ ಗೆರೆಯ ಒಳಗೆ, ಕೂದಲೆಳೆಯಷ್ಟು. ಇನ್ನು ಅವಳು ಒಪ್ಪಬೇಕು. ಡಾಕ್ಟರು ಅವಳಿಗೆ ತಿಳಿಸಿದರಂತೆ. ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಣ್ಣ ಹೇಗಿದ್ದಾನೆ ಅಂತ ಕೇಳಿದಳಂತೆ. ಕೇಳಿದ್ದು ರಿಪೋರ್ಟನ್ನಲ್ಲ, ಅವನನ್ನು.

ಫೋನ್ ಮಾಡಿದೆ. ರಿಂಗ್ ಆಗಿ ಆಗಿ ನಿಂತಿತು.

ಎತ್ತಿದ್ದರೆ ಏನು ಹೇಳುತ್ತಿದ್ದೆ? ಸರಿಹೋದೆ ಅನ್ನಲಾರೆ. ಮೊನ್ನೆ ಮತ್ತೆ ಹೋಗಿದ್ದೆ ಪುಟ್ಟೀ, ಬೇಕರಿಗೆ. ನಿಂತುಕೊಂಡೇ ತಿಂದೆ. ಮನೆಗೆ ಬಂದು ಬೈದುಕೊಂಡೆ, ಮೊದಲಿನಷ್ಟಲ್ಲ. ಆಮೇಲೆ ಕೂತು ಊಟವನ್ನೂ ಮಾಡಿದೆ, ಮಾರನೆಯ ದಿನವೂ ಮಾಡಿದೆ. ನನ್ನ ಹತ್ತಿರ ಇರುವುದು ಇಷ್ಟೇ. ಇಷ್ಟಕ್ಕೆ, ಇಂಥವನ ಕಿಡ್ನಿಯನ್ನು ನೀನು ತಗೋತೀಯಾ, ಅಥವಾ ಇನ್ನೂ ಬೇಡವಾ?