ಅರ್ಧ ರೋಗದ ಗಿಡ

ಜೂನ್ 9, ಬೆಳಿಗ್ಗೆ 7

ಮನಸ್ಸಿನ ಕಾಯಿಲೆಯ ಗುಳಿಗೆ ನುಂಗಿದೆ. ಅಮ್ಮನ ಚಹಾ ಕುಡಿದೆ. ಕಾಡುಗುಲಾಬಿ ಕಾಯಿಯದಂತೆ, ಕೆಂಪಗಿದೆ, ಜೇನು ಸುರಿದಿದ್ದಾಳೆ. ಹದಿನೆಂಟನೇ ತಾರೀಖು ಡಾಕ್ಟರ್ ಕೆಲಸಕ್ಕೆ ಹೋಗಬಹುದೆಂದು ಸಹಿ ಹಾಕಿದರೆ ಮತ್ತೆ ನನ್ನ ಟ್ರಾಲಿಬಸ್ ಓಡಿಸಬಹುದು. ಫೆಬ್ರವರಿಯಲ್ಲಿ ಮಾರುಕಟ್ಟೆ ಸ್ಟಾಪಿನಲ್ಲಿ ಬಾಗಿಲು ತೆರೆದವಳು ಮುಚ್ಚಲೇ ಇಲ್ಲ, ಅಳುತ್ತಾ ಕೂತೆ. ಹಿಂದಿನವರೆಲ್ಲ ಹಾರ್ನ್... ಸಾಕು ಆ ನೆನಪು.

ಜೂನ್ 13

ಕೈ ನಡುಗುತ್ತಿದೆ. ಬೆವರು. ಎದೆ ಡವಡವ. ಚೆನ್ನಾಗೇ ಇದ್ದೆನಲ್ಲ?

ಜೂನ್ 18, ಸಂಜೆ

ಸಹಿ ಇಲ್ಲ! ಚಾಚಿದ ಕೈ ಮೇಲೆ ಡಾಕ್ಟರ್ ಕಾಗದ ಇಟ್ಟರು, ಕುಣಿಯಿತು.

"ಗಿಡಮೂಲಿಕೆ ಏನಾದ್ರೂ ತಗೋತಿದ್ದೀರಾ?"

"ಇಲ್ಲ" ಅಂದೆ. ಎಷ್ಟು ಖಾತ್ರಿ ನನಗೆ!

ಮನೆಗೆ ಬಂದರೆ ಅಮ್ಮ ಹಳದಿ ಹೂ ಬಿಡಿಸುತ್ತಾ ಕೂತಿದ್ದಾಳೆ. ಬೆರಳೆಲ್ಲ ಕೆಂಪು. ಆ ಹಳದಿ ಹೂವೇ ಕಂತರಿಯೋನ್, ಅದರ ಮೊಗ್ಗು ಹಿಸುಕಿದರೆ ಕೆಂಪು ಬಿಡುತ್ತದೆ, ಊರಿಗೆಲ್ಲ ಗೊತ್ತು.

"ಚಹಾಕ್ಕೆ ಇದನ್ನ ಹಾಕ್ತಿದ್ಯಾ?"

"ಬೇಜಾರಿಗೆ ಒಳ್ಳೇದು ಕಣೇ ಇಸ್ಕ್ರಾ. ಹೇಳಿದ್ರೆ ಕುಡೀತಿದ್ಯಾ?"

"ಗುಳಿಗೆ ಜೊತೆ ಸೇರಿದ್ರೆ ವಿಷ ಅಮ್ಮಾ!"

"ನಿಮ್ಮಜ್ಜಿಗೇನೂ ಆಗ್ಲಿಲ್ಲ."

"ಅಜ್ಜಿ ಗುಳಿಗೆ ನುಂಗ್ತಿದ್ಳಾ? ಅಜ್ಜಿ ಬಸ್ ಓಡಿಸ್ತಿದ್ಳಾ?"

ಲೋಟ ಗೋಡೆಗೆ ಎಸೆದೆ. ಡಾಕ್ಟರಿಗೆ ಫೋನ್ ಮಾಡಿದೆ. ವಾಪಸ್ ಕರೆಸಿ ಪರೀಕ್ಷೆ ಮಾಡಿದರು. ಚಹಾ ಬಂದ್. ಸಹಿ ಮುಂದಿನ ತಿಂಗಳು.

ಜೂನ್ 21

ನಡುಕ ಇಳಿಯಿತು. ಸಿಟ್ಟು ಇಳಿದಿಲ್ಲ. ಅಮ್ಮನ ಜೊತೆ ಮಾತಿಲ್ಲ.

ಜೂನ್ 24, ಬೆಳಿಗ್ಗೆ 9

ಎನ್ಯೋವ್ಡೆನ್ ಹಬ್ಬ. ಸೂರ್ಯ ಹುಟ್ಟುವ ಮೊದಲೇ ಔಷಧಿ ಗಿಡ ಕೀಳಲು ಗುಡ್ಡ ಹತ್ತಬೇಕು. ಅಮ್ಮನ ಮೊಣಕಾಲು ಸರಿಯಿಲ್ಲ ಎಂದು ಜೊತೆಗೆ ಹೋದೆ, ಅಷ್ಟೇ. ಲೋಕದಲ್ಲಿ ಎಪ್ಪತ್ತೇಳೂವರೆ ರೋಗವಂತೆ, ಅಷ್ಟೇ ಗಿಡವಂತೆ. ಅರ್ಧ ಎಂದರೆ ಹೆಸರಿಲ್ಲದ ರೋಗ. ಅದರ ಗಿಡವನ್ನು ಕಣ್ಣು ಕಟ್ಟಿಕೊಂಡೇ ಕೀಳಬೇಕು. ಅಮ್ಮ ತಲೆವಸ್ತ್ರ ಬಿಚ್ಚಿ ಕಣ್ಣಿಗೆ ಕಟ್ಟಿಕೊಂಡಳು.

"ನಂಗೇನೂ ಕೀಳಬೇಡ!"

"ನಿಂಗಲ್ಲ."

"ಮತ್ಯಾರಿಗೆ?"

ಹುಲ್ಲು ತಡಕುತ್ತಲೇ ಹೇಳಿದಳು: "ನಿಮ್ಮಪ್ಪ ಸತ್ತಾಗಿಂದ ಆ ಚಹಾ ನಾನೂ ಕುಡೀತಿದೀನಿ. ಹನ್ನೊಂದು ವರ್ಷ ಆಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಬಸ್ ಓಡಿಸ್ತಿದ್ಯಲ್ಲ, ನಿನ್ ಮನಸ್ಸು ಕೆಡಬಾರ್ದಿತ್ತು."

ಹನ್ನೊಂದು ವರ್ಷ! ಒಂದೇ ಮನೆ, ಒಂದೇ ಮೇಜು. ಅವಳ ಬಾಯಿಗೇನಾಗಿತ್ತು? ನನ್ನ ಕಣ್ಣಿಗೇನಾಗಿತ್ತು? ಒದ್ದುಬಿಡಬೇಕು ಅನ್ನಿಸುತ್ತದೆ — ಯಾರನ್ನು, ಗೊತ್ತಿಲ್ಲ.

ಹತ್ತು ಗಂಟೆಗೆ ಡಾಕ್ಟರ್. ಇಬ್ಬರ ಹೆಸರೂ ಬರೆಸಿದ್ದೇನೆ. ಅಮ್ಮ ಬರೊಲ್ಲವಂತೆ. "ಯಾವ ರೋಗ ಅಂತ ಹೇಳ್ಲಿ?" ಅನ್ನುತ್ತಾ ಬಾಗಿಲಲ್ಲಿ ನಿಂತಿದ್ದಾಳೆ, ಬೂಟು ಹಾಕಿಕೊಂಡು. ನಾನು ಹೇಳುತ್ತೇನೆ ನಡಿ ಮುದುಕಿ, ನಾನೇ —