ಪಡಸಾಲೆಯ ಹಾಸಿಗೆ

ರೀ,

ಕುಪ್ಪೇಲೂರಿಗೆ ಅಕ್ಕನ ಮನೆಗೆ ಹೋಗಿ ಬರುತ್ತೇನೆ. ಪೇಸ್‌ಮೇಕರ್ ಹಾಕಿಸಿಕೊಂಡ ಮೇಲೆ ಒಬ್ಬಳೇ ಬಸ್ಸು ಹತ್ತುವುದು ಇದೇ ಮೊದಲು. ಸಿಟ್ಟಾಗಬೇಡಿ, ಸಂಜೆಗೆ ಬಂದುಬಿಡುತ್ತೇನೆ.

ರೊಟ್ಟಿ ಬುಟ್ಟಿಯಲ್ಲಿವೆ, ಝುಣಕ ಬಿಸಿ ಮಾಡಿಕೊಳ್ಳಿ. ಎಮ್ಮೆಗೆ ನೀರು ಕುಡಿಸಿ.

ನಿನ್ನೆ ಹಾವೇರಿಯ ಡಾಕ್ಟರು, "ಮಷೀನು ಚಲೋ ಐತ್ರಿ, ಎದಿ ಹೊಡಕೊಳ್ಳಾಕತ್ತಿದ್ದು ಬರೇ ಅಂಜಿಕಿಗೆ" ಅಂದಾಗ ನೀವೂ ಅಲ್ಲೇ ಇದ್ದಿರಿ. ಆದರೂ ರಾತ್ರಿ ಮತ್ತೆ ಪಡಸಾಲೆಯಲ್ಲೇ ಮಲಗಿದಿರಿ. "ನಿದ್ದಿಯಾಗ ಎಲ್ಲರೆ ನನ್ನ ಕೈ ಮಷೀನಿಗೆ ತಾಗೀತು, ಬ್ಯಾಡ" ಅಂದಿರಿ. ಒಳಗೆ ನಾನು ಎದೆ ಡವಡವ ಅನ್ನುವುದನ್ನೇ ಕೇಳುತ್ತ ಮಲಗಿದ್ದೆ. ಮೊದಲಾದರೆ ನಿಮ್ಮ ಗೊರಕೆ ಕೇಳುತ್ತಲೇ ನಿದ್ದೆ ಬರುತ್ತಿತ್ತು.

ಗಾಯ ಯಾವಾಗಲೋ ಮಾಯ್ದಿದೆ. ನಿಮ್ಮ ಹಾಸಿಗೆಯನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದ್ದೇನೆ. ಹೊತ್ತು ಮುಳುಗುವ ಮೊದಲು ತಂದು ಒಳಗೆ ನನ್ನ ಬಲಕ್ಕೆ ಹಾಸಿ. ಮಷೀನು ಇರುವುದು ಎಡಕ್ಕೆ.

ನಿರ್ಮಲಾ